ಕೋಟಿ ಜಪಕ್ಕೆ ಕೂರುವವರ ಗಮನಕ್ಕೆ

ಕೋಟಿ ಜಪದ ಸಂಕಲ್ಪ ಮಾಡುವ ಮುನ್ನ ಪಂಚಾಂಗದ ಜೊತೆಗೆ ಕ್ಯಾಲ್ಕುಲೇಟರನ್ನೂ ಇಟ್ಟುಕೊಳ್ಳಿ. ಸರದಲ್ಲಿ 108 ಮಣಿಗಳಿದ್ದರೂ ಲೆಕ್ಕಕ್ಕೆ ಬರುವುದು 100. ಮಿಕ್ಕ 8 ನಿಮ್ಮ ತೂಕಡಿಕೆಗೆ, ತಪ್ಪು ಉಚ್ಚಾರಕ್ಕೆ ವಜಾ. ಚಿನ್ನದಂಗಡಿಯ ವೇಸ್ಟೇಜು ಇದ್ದ ಹಾಗೆ. ದಿನಕ್ಕೊಂದು ಸರವಾದರೆ ಕೋಟಿ ತುಂಬಲು ಸುಮಾರು 274 ವರ್ಷ ಬೇಕು. ಹತ್ತು ಸರವಾದರೆ 27 ವರ್ಷ ಚಿಲ್ಲರೆ, ಅಂದರೆ ಮನೆ ಸಾಲ ತೀರಿದ ಮೇಲೂ ದೇವರ ಕಂತು ಬಾಕಿ ಇರುತ್ತದೆ. 'ನಮಃ ಶಿವಾಯ' ಎಂಬ ಪಂಚಾಕ್ಷರಿ ಮಣಿಗೆ ಎರಡು ಸೆಕೆಂಡ್ ಹಿಡಿದರೂ ಹತ್ತು ಸರಕ್ಕೆ 36 ನಿಮಿಷ.

ಸರ ನಡುಬೆರಳ ಮೇಲಿರಲಿ, ಹೆಬ್ಬೆರಳು ಒಂದೊಂದೇ ಮಣಿ ಎಳೆಯಲಿ. ತೋರುಬೆರಳು ತಾಗಕೂಡದು. ದಿನವಿಡೀ ಊರವರನ್ನು ತೋರಿಸಿ ದೂರಿದ ಬೆರಳು, ಅದಕ್ಕೂ ಅರ್ಧ ಗಂಟೆ ರಜೆ ಬೇಕಲ್ಲ! 108ರ ಲೆಕ್ಕಕ್ಕೆ ಸೇರದ ತುದಿಯ ಮೇರುಮಣಿ ಬಂದಾಗ ದಾಟದೆ, ಸರ ತಿರುಗಿಸಿ ಬಂದ ದಾರಿಯಲ್ಲೇ ವಾಪಸಾಗಬೇಕು. ಎಡವಟ್ಟಾಗುವುದು ಆ ತಿರುವಿನಲ್ಲೇ: ಈಗ ಮುಗಿದದ್ದು ನಾಲ್ಕನೆಯದೋ ಐದನೆಯದೋ? ಬಟ್ಟಲಲ್ಲಿ ಹತ್ತು ಹುಣಸೆಬೀಜ ಇಟ್ಟುಕೊಂಡು, ಸರ ಮುಗಿದಂತೆಲ್ಲ ಒಂದೊಂದನ್ನು ಆಚೆಗಿಡಿ. ಹುರಿಗಡಲೆ ಮಾತ್ರ ಬೇಡ. ಮೊಮ್ಮಕ್ಕಳಿರುವ ಮನೆಯಲ್ಲಿ ಜಪ ಹಿಂದಕ್ಕೆ ಓಡುತ್ತದೆ.

ಅಡುಗೆಮನೆಯ ಬಾಗಿಲಿಗೆ ಎದುರಾಗಿ ಕೂರಬೇಡಿ. "ರೀ, ಕುಕ್ಕರ್ ಮೂರು ಕೂಗಾಯ್ತಾ?" ಎಂಬ ಪ್ರಶ್ನೆ ಸರಿಯಾಗಿ 97ನೇ ಮಣಿಗೇ ಬರುತ್ತದೆ. "ಹ್ಞೂಂ" ಅಂದರೆ ಪಂಚಾಕ್ಷರಿ ಷಡಕ್ಷರಿಯಾಯಿತು. ಕೈ ಸನ್ನೆ ಮಾಡಿದರೆ, ಮೇಲೇಳುವುದು ರಜೆಯಲ್ಲಿದ್ದ ತೋರುಬೆರಳೇ. ಸುಮ್ಮನಿದ್ದರೆ ಅನ್ನ ಗಂಜಿ.

ಜಪದಲ್ಲಿ ದನಿ ತೆಗೆದು ಹೇಳುವ ವಾಚಿಕ, ತುಟಿಯಷ್ಟೇ ಆಡುವ ಉಪಾಂಶು, ಮನಸ್ಸಿನಲ್ಲೇ ಹೇಳಿಕೊಳ್ಳುವ ಮಾನಸ ಎಂದು ಮೂರು ಬಗೆ. ಮಾನಸ ಶ್ರೇಷ್ಠವೆಂದು ಶಾಸ್ತ್ರ ಹೇಳುತ್ತದೆ, ನಿದ್ದೆಯೂ ಅದನ್ನೇ ಒಪ್ಪುತ್ತದೆ. ಸರ ನಿಂತಿದ್ದು ತಲೆಯಷ್ಟೇ ಆಡುತ್ತಿದ್ದರೆ ಅದು ಸಮಾಧಿಯಲ್ಲ. ಹೊಸಬರಿಗೆ ತುಟಿಯಾಡಿಯೂ ದನಿ ಹೊರಡದ ಉಪಾಂಶುವೇ ವಾಸಿ; ತುಟಿ ನಿಂತದ್ದು ಪಕ್ಕದವರಿಗಾದರೂ ತಿಳಿದು ತಿವಿಯುತ್ತಾರೆ.

ಇನ್ನು ದಾರ. ಮಣಿಯ ತೂತಿನ ಅಂಚಿಗೆ ತಿಕ್ಕಿ ತಿಕ್ಕಿ ನೂಲು ಸವೆಯುತ್ತದೆ, ಜುಂಗು ಕಂಡ ದಿನವೇ ಪೋಣಿಸಿಬಿಡಿ. ಮಣಿಮಣಿಗೂ ಗಂಟಿದ್ದರೆ ಹರಿದಾಗ ಉದುರುವುದು ಒಂದೆರಡು. ಗಂಟಿಲ್ಲದ ಸರವಾದರೆ ಪೊರಕೆ, ಟಾರ್ಚು, ಬೀರುವಿನ ಅಡಿಗೆ ಸಾಷ್ಟಾಂಗ. 108ಕ್ಕೆ 108 ಸಿಕ್ಕಿ ಮೇರು ಮಾತ್ರ ಸಿಗದಿದ್ದರೆ ಬೀರುವನ್ನೇ ಸರಿಸಬೇಕು. ಅದಕ್ಕೆ ಇಬ್ಬರು ಬೇಕು. ಇನ್ನೊಬ್ಬರು ಗಂಜಿಯಾದ ಅನ್ನದ ಮುಂದೆ ನಿಂತಿದ್ದಾರೆ.