ಕೆಮ್ಮಿದಷ್ಟೂ ಮಾತ್ರೆ ದೂರ

ಇಂಗ್ಲೆಂಡಿಗೆ ಬಂದ ನಮ್ಮವರು ಒಂದು ಚಳಿಗಾಲ ಕಳೆಯುವುದರೊಳಗೆ ಜಿಪಿಯನ್ನು, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರನ್ನು, ಬೈಯಲು ಶುರು ಮಾಡುತ್ತಾರೆ. "ಗಂಟಲು ಕಿತ್ತು ಬರ್ತಿದೆ ಅಂದ್ರೆ ಪ್ಯಾರಸಿಟಮಾಲ್ ತಗೊಳ್ಳಿ, ನೀರು ಕುಡೀರಿ ಅಂತ ಕಳಿಸಿಬಿಟ್ರು!"

ಊರಲ್ಲಾದರೆ ಮೆಡಿಕಲ್ ಶಾಪಿನ ಕಟ್ಟೆಯಲ್ಲೇ ಕೆಲಸ ಮುಗಿಯಿತು. ಅಜಿತ್ರೋಮೈಸಿನ್ 500 ಎಂಬ ಆ್ಯಂಟಿಬಯಾಟಿಕ್, ಮೂರು ಮಾತ್ರೆ. ಮೂರ್ನಾಲ್ಕು ದಿನಕ್ಕೆ ಗಂಟಲು ಹಗುರಾಗಿ ಮಾತ್ರೆಗೆ ಹೆಸರು ಬರುತ್ತದೆ. ವೈರಸ್ಸಿನ ಗಂಟಲುನೋವು ಅಷ್ಟು ಹೊತ್ತಿಗೆ ತಾನಾಗೇ ಇಳಿಯುತ್ತಿತ್ತು ಎಂದರೆ ಯಾರೂ ನಂಬರು. ನೋವು ಹೋದರೂ ಅಜಿತ್ರೋ ಬೇಗ ಹೋಗುವುದಿಲ್ಲ. ಚೂರುಪಾರು ವಾರಗಟ್ಟಲೆ ಮೈಯಲ್ಲುಳಿದು ಬ್ಯಾಕ್ಟೀರಿಯಾಗಳಿಗೆ ತನ್ನನ್ನೇ ಎದುರಿಸಲು ಕಲಿಸುತ್ತದೆ. ಡಾಕ್ಟರ ಚೀಟಿಯಿಲ್ಲದೆ ತಗೊಳ್ಳಬೇಡಿ ಎಂದು ಎಚ್ಚರಿಸುವ ಕೆಂಪು ಗೆರೆಯೇನೋ ಸ್ಟ್ರಿಪ್ಪಿನ ಮೇಲೆ ಇದೆ. ಕತ್ತರಿಯಿಂದ ಎರಡೇ ಮಾತ್ರೆ ಕತ್ತರಿಸಿ ಕೊಟ್ಟರೆ ಗೆರೆ ಅಂಗಡಿಯಲ್ಲೇ ಉಳಿಯಿತು.

ಗಂಟಲುನೋವಿಗೆ ಆ್ಯಂಟಿಬಯಾಟಿಕ್ ಬೇಕೋ ಬೇಡವೋ ಎಂದು ತೂಗಲು ಇಲ್ಲಿ ಫೀವರ್‌ಪೇನ್ ಎಂಬ ಲೆಕ್ಕವಿದೆ. ಹಿಂದಿನ 24 ಗಂಟೆಯಲ್ಲಿ ಜ್ವರ, ಟಾನ್ಸಿಲ್ ಮೇಲೆ ಕೀವು, ಶುರುವಾದ ಮೂರು ದಿನದೊಳಗೇ ತೋರಿಸಲು ಬಂದಿರುವುದು, ಟಾನ್ಸಿಲ್ ತೀರಾ ಕೆಂಪಾಗಿ ಊದಿರುವುದು, ಕೆಮ್ಮು ನೆಗಡಿ ಇಲ್ಲದಿರುವುದು, ಒಂದೊಂದಕ್ಕೆ ಒಂದಂಕ. ಕೊನೆಯದನ್ನು ಗಮನಿಸಿ. ಕಾಯಿಲೆ ಜೋರಾಗಿದೆಯೆಂದು ನಮ್ಮವರು ಕೆಮ್ಮಿ ಕೆಮ್ಮಿ ತೋರಿಸುತ್ತಾರೆ, ಆದರೆ ಕೆಮ್ಮು ವೈರಸ್ಸಿನ ಕಡೆಯ ಸಾಕ್ಷಿ. ಹಸಿರು ಸಿಂಬಳಕ್ಕಂತೂ ಅಂಕವೇ ಇಲ್ಲ. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳದ್ದು.

ಒಂದರವರೆಗೆ ಆ್ಯಂಟಿಬಯಾಟಿಕ್ ಇಲ್ಲ. ಎರಡು, ಮೂರು ಬಂದರೂ ಇಲ್ಲ. ಹೆಚ್ಚೆಂದರೆ ಬ್ಯಾಕಪ್ ಚೀಟಿ, ಮೂರರಿಂದ ಐದು ದಿನದಲ್ಲಿ ಕಡಿಮೆಯಾಗದಿದ್ದರೆ ಅಥವಾ ನಡುವೆ ಹೆಚ್ಚಾದರೆ ಬಳಸಲು. ನಾಲ್ಕು, ಐದಾದರೆ ಕೊಡುವ ಮಾತು, ಅದೂ ಹಳೇ ಪೆನಿಸಿಲಿನ್ ವಿ, ದೊಡ್ಡವರಿಗೆ 500 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ. 2024ರ ಜನವರಿ ಕೊನೆಯಿಂದ ಐದು ವರ್ಷ ದಾಟಿದವರಿಗೆ ಈ ಲೆಕ್ಕವನ್ನು ಫಾರ್ಮಸಿಯಲ್ಲೇ ಹಾಕುತ್ತಾರೆ. ಚೀಟಿ ಜೇಬಿನಲ್ಲಿದ್ದೂ ಮಾತ್ರೆ ತರದೆ ಕಾಯುವುದು ನಮಗೆ ಒಗ್ಗದ ಪಥ್ಯ. ಫೀಸು ಕೊಟ್ಟು 'ಕಾಯಿರಿ' ಅನ್ನಿಸಿಕೊಂಡು ಬರುವವರು ನಮ್ಮಲ್ಲಿ ಯಾರಿದ್ದಾರೆ?

ಸರಿ, ಇದನ್ನೂ ಒಪ್ಪಬೇಕು. ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾದ ಗಂಟಲುನೋವಿನ ಬೆನ್ನಿಗೆ ಬಂದು ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರ ಇಲ್ಲಿ ಅಪರೂಪ, ನಮ್ಮಲ್ಲಿ ಇನ್ನೂ ಇದೆ. ಶಾಲೆಗೆ ಹೋಗುವ ಮಗುವಿಗೆ ಕೆಮ್ಮಿಲ್ಲದೆ ಜ್ವರ, ಕೀವು, ಕತ್ತಿನಲ್ಲಿ ನೋಯುವ ಗಂಟು ಕಂಡರೆ ನಮ್ಮ ಡಾಕ್ಟರು ಕಾಯದಿರುವುದೇ ಸರಿ; ಹತ್ತು ದಿನದ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಪೂರ್ತಿ ಹಾಕಬೇಕು. ಇಂಗ್ಲೆಂಡಿನವರೂ 2022ರ ಡಿಸೆಂಬರಿನಲ್ಲಿ ಇದೇ ಗ್ರೂಪ್ ಎ ಸ್ಟ್ರೆಪ್ ಮಕ್ಕಳ ಜೀವ ತೆಗೆದಾಗ ಮಕ್ಕಳಿಗೆ ಆ್ಯಂಟಿಬಯಾಟಿಕ್ ಕೊಡಲು ಬೇಕಾದ ಅಂಕವನ್ನು ಇಳಿಸಿದ್ದರು. ಇನ್ನು, ಹೊತ್ತು ಮುಳುಗಿದ ಮೇಲೂ ಟಾರ್ಚು ಬಿಟ್ಟು ಗಂಟಲು ನೋಡುವ ಡಾಕ್ಟರು ಬೀದಿ ಕೊನೆಯಲ್ಲೇ ಸಿಗುವುದು ಊರಲ್ಲಿ ಮಾತ್ರ.