ಮೂರು ಸಾಲಿನಲ್ಲಿ ಎರಡು ಸಾಲ

ಪರಿಚಯದ ಹುಡುಗಿಯೊಬ್ಬಳು ಮೊನ್ನೆ ಕಾಲೇಜಿನಿಂದ ಬಂದ ಪತ್ರ ತೋರಿಸಿದಳು. 'ನಿಮಗೆ ಸಿಗುವ ನೆರವು' ಅಂತ ಮೇಲೆ ದಪ್ಪ ಅಕ್ಷರ. ಕೆಳಗೆ ಮೂರು ಸಾಲು. ಮೊದಲನೆಯದು ಸಣ್ಣದೊಂದು ಸ್ಕಾಲರ್‌ಶಿಪ್. ಉಳಿದೆರಡೂ ಸಾಲ! ಬಡ್ಡಿ ಸೇರಿಸಿ ವಾಪಸ್ ಕಟ್ಟಬೇಕಾದ ದುಡ್ಡು ನೆರವು ಹೇಗಾಗುತ್ತದೆ? ನನಗಂತೂ ರೇಗಿಹೋಯಿತು.

ಫೀಸು ಜಾಸ್ತಿ ಆಯಿತು ಅಂತ ಎಲ್ಲರೂ ಗೊಣಗುತ್ತೇವೆ. ಆದರೆ ಎಷ್ಟೋ ಕಡೆ ಬರೀ ಫೀಸು ಏರಲಿಲ್ಲ, ಕಟ್ಟುವವರೇ ಬದಲಾದರು. ಮೊದಲು ದೊಡ್ಡ ಪಾಲು ಸರ್ಕಾರ ಹೊರುತ್ತಿತ್ತು. ಆಮೇಲೆ ಅದು ಅಪ್ಪ ಅಮ್ಮನ ಹೆಗಲಿಗೆ ಬಂತು. ಈಗ ಮಕ್ಕಳು ಇನ್ನೂ ಕಣ್ಣಲ್ಲೇ ಕಾಣದ ಸಂಬಳದ ಮೇಲೆ ಕೂತಿದೆ.

ಇಂಗ್ಲೆಂಡನ್ನೇ ನೋಡಿ. 1998ಕ್ಕೆ ಮುಂಚೆ ಅಲ್ಲಿನ ಹುಡುಗರು ಡಿಗ್ರಿಗೆ ಕೈಯಿಂದ ಶುಲ್ಕ ಕಟ್ಟುತ್ತಿರಲಿಲ್ಲ. ಆ ವರ್ಷ 1,000 ಪೌಂಡ್‌ವರೆಗೆ ಶುಲ್ಕ ಬಂತು. 2006ರಲ್ಲಿ ಮಿತಿ 3,000 ಆಯಿತು. 2012ರಲ್ಲಿ 9,000. 14 ವರ್ಷದಲ್ಲಿ ಒಂಬತ್ತು ಪಟ್ಟು. ಪಾಠವೇನು ಒಂಬತ್ತು ಪಟ್ಟು ಚೆನ್ನಾಯಿತಾ? ಇಲ್ಲ, ಸರ್ಕಾರ ಪಾಠಕ್ಕೆ ಕೊಡುತ್ತಿದ್ದ ಅನುದಾನವನ್ನು ಕಡಿತ ಮಾಡಿತು, ಅಷ್ಟೇ. ಇದಕ್ಕೆ ಕೈ ಎತ್ತಿದ ಸಂಸದರಲ್ಲಿ ಬಹಳ ಜನ ತಾವು ಶುಲ್ಕವಿಲ್ಲದೆ ಓದಿದವರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು, ಅಲ್ವಾ?

ನ್ಯೂಯಾರ್ಕ್‌ನ ಸಿಟಿ ಕಾಲೇಜು 1847ರಲ್ಲಿ ಹುಟ್ಟಿದ್ದೇ 'ಫ್ರೀ ಅಕಾಡೆಮಿ' ಅನ್ನೋ ಹೆಸರಿನಲ್ಲಿ. 1970ರ ದಶಕದಲ್ಲಿ ನಗರ ದಿವಾಳಿಯ ಅಂಚಿಗೆ ಬಂತು, 1976ರಲ್ಲಿ ಶುಲ್ಕ ಶುರುವಾಯಿತು. ನಗರ ಸುಧಾರಿಸಿಕೊಂಡಿತು. ಶುಲ್ಕ ಮಾತ್ರ ಹೋಗಲಿಲ್ಲ.

'ಕಾಲೇಜು ಮೆಟ್ಟಿಲೇ ಹತ್ತದವರ ತೆರಿಗೆಯಲ್ಲಿ, ನಾಳೆ ಚೆನ್ನಾಗಿ ದುಡಿಯೋರನ್ನು ಯಾಕೆ ಓದಿಸಬೇಕು?' ಅಂತ ಗೆಳೆಯನೊಬ್ಬ ಸದಾ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆಯೇ. ಆಸ್ಟ್ರೇಲಿಯಾ 1989ರಲ್ಲಿ ಇದಕ್ಕೊಂದು ದಾರಿ ಹುಡುಕಿತು. ಓದು ಮುಗಿಸಿ, ದುಡಿಮೆ ಒಂದು ಮಟ್ಟ ಮುಟ್ಟಿದ ಮೇಲಷ್ಟೇ ತೆರಿಗೆಯ ಜೊತೆ ಕಟ್ಟಿದರಾಯಿತು. ಕೆಲಸ ಸಿಗಲಿಲ್ಲವಾ, ಆ ವರ್ಷ ಯಾರೂ ಕೇಳುವುದಿಲ್ಲ. ಬ್ಯಾಂಕಿನ ಕಂತಿಗಿಂತ ಸಾವಿರ ಪಾಲು ವಾಸಿ. ಆದರೂ ಅದು ಸಾಲವೇ. ಬೆಲೆ ಏರಿದ ಹಾಗೆ ಅದೂ ಬೆಳೆಯುತ್ತದೆ.

ಅಮೆರಿಕದ ವಿದ್ಯಾರ್ಥಿ ಸಾಲ 1.6 ಲಕ್ಷ ಕೋಟಿ ಡಾಲರ್ ದಾಟಿದೆ. ಇಷ್ಟು ದೊಡ್ಡ ಸಂಖ್ಯೆ ಕೇಳಿದರೆ ಡಾಕ್ಟರು, ವಕೀಲರು ಮಾಡಿದ ಭಾರೀ ಸಾಲ ನೆನಪಾಗುತ್ತದೆ. ಅವರು ಹೇಗೋ ತೀರಿಸುತ್ತಾರೆ. ಕಂತು ತಪ್ಪಿಸಿ ಸಿಕ್ಕಿಬೀಳುವವರಲ್ಲಿ ಬಹಳಷ್ಟು ಜನರದ್ದು ಸಣ್ಣ ಸಾಲ. ಒಂದೆರಡು ವರ್ಷ ಓದಿ ಅರ್ಧಕ್ಕೇ ಬಿಟ್ಟವರು. ಕೈಯಲ್ಲಿ ಡಿಗ್ರಿ ಇಲ್ಲ, ತಲೆ ಮೇಲೆ ಸಾಲ ಇದೆ. ಸುಮ್ನೆ ಸೋಮಾರಿತನಕ್ಕೆ ಬಿಟ್ಟರು ಅಂದುಕೊಳ್ಳಬೇಡಿ. ಬಾಡಿಗೆ, ಪುಸ್ತಕ, ಓಡಾಟದ ಖರ್ಚಿಗೆ ರಾತ್ರಿಯೆಲ್ಲ ದುಡಿದು ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸಿದವರು ಅವರಲ್ಲಿ ಎಷ್ಟಿಲ್ಲ!

ಒಮ್ಮೆ ಬಂದ ಶುಲ್ಕ ಹೋಗುವುದೇ ಇಲ್ಲ ಅನ್ನುವವರು ಜರ್ಮನಿ ನೋಡಬಹುದು. ಅಲ್ಲಿನ ಕೆಲವು ರಾಜ್ಯಗಳು ಸೆಮಿಸ್ಟರ್‌ಗೆ 500 ಯೂರೋ ಹಾಕಿದ್ದವು. ಜನ ಬೀದಿಗಿಳಿದರು. 2014ರ ಹೊತ್ತಿಗೆ ಎಲ್ಲ ರಾಜ್ಯಗಳೂ ಅದನ್ನು ಕೈಬಿಟ್ಟವು.

ಆ ಹುಡುಗಿಯ ಪತ್ರಕ್ಕೆ ಬರುತ್ತೇನೆ. ಪೆನ್ನು ತೆಗೆದುಕೊಂಡು ಸಾಲದ ಎರಡೂ ಸಾಲುಗಳನ್ನು ಹೊಡೆದುಹಾಕಿದೆ. 'ಈಗ ಕೂಡಿಸಮ್ಮ' ಅಂದೆ. ಉಳಿದಿದ್ದ ಒಂದೇ ಸಾಲನ್ನು ನೋಡಿ ಅವಳು, 'ಇಷ್ಟೇನಾ?' ಅಂದಳು.