ತಂಬೂರಿಯ ಜವಾರಿ

ನಮ್ಮ ಗಡಿನಾಡಿನ ಸಂತೆಯಲ್ಲಿ ಜವಾರಿ ಎಂದರೆ ಬದನೆಕಾಯಿಯೂ ಇರಬಹುದು, ಕೋಳಿಯೂ ಇರಬಹುದು. ಹೈಬ್ರಿಡ್ ಅಲ್ಲ ಅಂದರಾಯಿತು. ತಂತಿವಾದ್ಯ ಮಾಡುವವರ ಊರು ಮಿರಜಿನ ಸತಾರಮೇಕರ ಗಲ್ಲಿಗೆ ಬಂದರೆ ಅದೇ ಮಾತು ತಂಬೂರಿಯ ಕುದುರೆ, ಅಂದರೆ ತಂತಿಗಳನ್ನು ಹೊರುವ ಪಟ್ಟಿ, ಏರಿ ಕೂರುತ್ತದೆ. ‘ಜವಾರಿ ಹೋಗೇದ’ ಅಂದರೆ ತಂತಿ ಹರಿದಿಲ್ಲ, ಬುರುಡೆ ಒಡೆದಿಲ್ಲ, ಝೇಂಕಾರವಷ್ಟೇ ಸತ್ತಿದೆ.

ನೋಡುವವರ ಕಣ್ಣು ಬುರುಡೆಯ ಮೇಲೆ. ಪಂಢರಪುರದ ಕಡೆಯಿಂದ ಬರುವ ಆ ಒಣ ಸೋರೆಬುರುಡೆ ದನಿಗೆ ತುಂಬು ಕೊಡುತ್ತದೆ, ನಿಜ. ಆದರೆ ತಂಬೂರಿಯನ್ನು ತಂಬೂರಿ ಮಾಡುವುದು ಕುದುರೆ. ಗಿಟಾರಿನಲ್ಲಿ ತಂತಿ ಚೂಪು ಅಂಚಿನ ಮೇಲೆ ನಿಲ್ಲುತ್ತದೆ. ಇಲ್ಲಿ ಅಗಲವಾದ, ಎಮ್ಮೆಯ ಬೆನ್ನಿನಂತೆ ಮುಂದಕ್ಕೆ ನವಿರಾಗಿ ಇಳಿಯುವ ಮೈ. ತಂತಿ ಅದುರಿದಾಗಲೆಲ್ಲ ಆ ಇಳಿಜಾರನ್ನು ಸವರಿ ಏಳುತ್ತದೆ. ಆ ಸವರಿಕೆಯಲ್ಲೇ ಮೇಲಿನ ಸ್ವರಗಳು ಹುಟ್ಟುತ್ತವೆ. ತಂತಿಯನ್ನು ನಟ್ಟನಡುವೆ ಮೀಟಿದರೆ ಮೂಲ ಸ್ವರಕ್ಕಿಂತ ಒಂದು ಸಪ್ತಕ ಮೇಲಿನ ಉಪಸ್ವರ ಕೇಳಿಸಬಾರದು ಎನ್ನುತ್ತದೆ ಹಳೆಯ ನಿಯಮ. ತಂಬೂರಿಯಲ್ಲಿ ಅದು ಢಾಳಾಗಿ ಕೇಳಿಸುತ್ತದೆ. ಸಿ.ವಿ. ರಾಮನ್ 1921ರಲ್ಲಿ ಇದನ್ನು ಬರೆದು, ಕಾರಣ ಕುದುರೆಯಲ್ಲಿದೆ ಎಂದರು.

ಇಷ್ಟಾದರೂ ಒಂದು ಹತ್ತಿಯ ನೂಲಿಲ್ಲದೆ ನಡೆಯದು. ಅದೇ ಜೀವಾಳ. ಮೊದಲು ಶ್ರುತಿ ಕೂಡಿಸಿ, ನೂಲನ್ನು ತಂತಿಯಡಿ ಕುದುರೆಯ ಹಿಂಬದಿಗೆ ತೂರಿಸಿ. ಮೀಟುತ್ತಲೇ ಕೂದಲೆಳೆಯಷ್ಟು ಮುಂದಕ್ಕೆ ಸರಿಸುತ್ತ ಹೋಗಿ. ಎಲ್ಲೋ ಒಂದು ಕಡೆ ದನಿ ತಟ್ಟನೆ ಬಾಯಿ ಬಿಡುತ್ತದೆ. ಅಲ್ಲಿ ನಿಲ್ಲಿ. ದಾಟಿದರೆ ತಂತಿ ಕುದುರೆಯನ್ನು ಬಿಟ್ಟೇ ಏಳುತ್ತದೆ, ದನಿ ಸಪ್ಪೆ. ನೂಲು ದಪ್ಪವಾದರೂ ಇದೇ ಗತಿ. ಒಂದೆರಡು ಎಳೆ ಬಿಡಿಸಿ ಹಾಕಬೇಕು. ಶ್ರುತಿ ಬದಲಿಸಿದರೆ ನೂಲನ್ನೂ ಮತ್ತೆ ಸರಿಸಬೇಕು. ನಾಲ್ಕು ತಂತಿಗೂ ಬೇರೆ ಬೇರೆ ಜಾಗ. ಹಿತ್ತಾಳೆಯ ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿಯಂತೂ ಮಹಾ ಹಟಮಾರಿ.

ಮೀಟುವುದು ಉಗುರಿನಿಂದಲ್ಲ, ಬೆರಳಿನ ಮೆತ್ತನೆ ಭಾಗದಿಂದ. ಪಂಚಮಕ್ಕೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಜಗ್ಗಿ ಬಿಟ್ಟರೆ ಸ್ವರ ಮೊದಲು ಏರಿ ಆಮೇಲೆ ಇಳಿಯುತ್ತದೆ.

ವರ್ಷಗಟ್ಟಲೆ ಉಜ್ಜಿ ಉಜ್ಜಿ ತಂತಿ ಕುದುರೆಯಲ್ಲಿ ಗೀರು ಕೊರೆಯುತ್ತದೆ. ಝೇಂಕಾರ ಹೋಗಿ ಬರೀ ಕಿರಕಿರಿ. ಆಗ ನೂಲಿನಿಂದ ಏನೂ ಆಗದು, ಅರ ಬೇಕು. ಕುಶಲಿ ಎರಡು ಸಲ ಉಜ್ಜಿ, ತಂತಿ ಏರಿಸಿ, ಕೇಳಿ, ಮತ್ತೆ ಇಳಿಸುತ್ತಾನೆ. ಒಂದು ಕಡೆ ಹೆಚ್ಚು ಉಜ್ಜಿದರೆ ಇಡೀ ಮೈಯನ್ನೇ ಇಳಿಸಬೇಕು. ಜವಾರಿ ಅಂತ ಹೆಸರು, ಕೆಲಸ ಮಾತ್ರ ಅಕ್ಕಸಾಲಿಗನದು!

ಮಳೆಗಾಲದಲ್ಲಿ ತಂತಿ ಬಿಗಿಯುವ ಬಿರಡೆ ಉಬ್ಬಿ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಜಾರುತ್ತದೆ. ಜಾರುವುದಕ್ಕೆ ಸೀಮೆಸುಣ್ಣದ ಪುಡಿ ಸಾಕು. ಜೀವಾಳವೂ ಒತ್ತಡಕ್ಕೆ ಚಪ್ಪಟೆಯಾಗುತ್ತದೆ. ಅದಕ್ಕೇ ತಿಳಿದವರು ಬಿರಡೆಗೆ ಗೇಣುದ್ದದ ಬಿಳಿ ನೂಲು ಸುತ್ತಿಟ್ಟಿರುತ್ತಾರೆ.